ಗಣಕದೊಳಗಿನ ಲೆಕ್ಕಿಗ

ಲೆಕ್ಕವಿಲ್ಲದೆ ಲೋಕವ್ಯವಹಾರವಿಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಈ ಹೊಣೆಯನ್ನು ಶಾನುಭೋಗರು ಹೊತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದು ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆದ ಜಮಾಖರ್ಚೇ ಊರಿಗೆಲ್ಲ ಸಾಕ್ಷಿ. ಕೂಡುವುದು ಕಳೆಯುವುದೆಲ್ಲ ಬಾಯಿಲೆಕ್ಕದಲ್ಲಿಯೇ ನಡೆಯುತ್ತಿತ್ತು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ತಡವರಿಸದೆ ಒಪ್ಪಿಸುವ ಹುಡುಗನೇ ಜಾಣನೆನಿಸಿಕೊಳ್ಳುತ್ತಿದ್ದ. ಇಂದು ಆ ಲೆಕ್ಕಿಗ ಗಣಕಯಂತ್ರದೊಳಗೆ ಸೇರಿಕೊಂಡಿದ್ದಾನೆ. ನಿಮ್ಮ ಶಾಲೆಯ ಗಣಕದಲ್ಲಿ ‘ಕ್ಯಾಲ್ಕುಲೇಟರ್’ ಎಂಬ ಹೆಸರಿನ ಚಿಕ್ಕ ತಂತ್ರಾಂಶವೊಂದು ಇರುವುದನ್ನು ನೀವು ನೋಡಿರಬಹುದು. ಹೆಚ್ಚಿನವರು ಅದನ್ನು ಎರಡು ಸಂಖ್ಯೆಗಳನ್ನು ಕೂಡುವುದಕ್ಕಾಗಿ ತೆರೆದು, ಉತ್ತರ ಕಂಡೊಡನೆ ಮುಚ್ಚಿಬಿಡುತ್ತಾರೆ. ಅದರಲ್ಲಿರುವ ಸೌಕರ್ಯಗಳಾವುವು, ಅವುಗಳಲ್ಲಿ ನಿಜವಾಗಿ ನಮ್ಮ ಕೈಹಿಡಿಯುವಂಥವು ಯಾವುವು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಯಂತ್ರದಿಂದ ಲೆಕ್ಕ ಮಾಡಿಸಬೇಕೆಂಬ ಆಸೆ ಹೊಸದಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇನ್ನೂ ಇಪ್ಪತ್ತು ತುಂಬದ ತರುಣನಾಗಿದ್ದಾಗ, 1642ರಲ್ಲಿ, ತೆರಿಗೆಯ ಅಧಿಕಾರಿಯಾಗಿದ್ದ ತಂದೆಯ ಶ್ರಮವನ್ನು ಕಡಮೆ ಮಾಡಲೆಂದು ಹಲ್ಲುಗಾಲಿಗಳ ಲೆಕ್ಕಯಂತ್ರವೊಂದನ್ನು ರಚಿಸಲು ತೊಡಗಿದ. ಅದರ ಸಂತತಿಯೆನ್ನಬಹುದಾದ, ಹಿಡಿ ತಿರುಗಿಸಿ ಲೆಕ್ಕ ಮಾಡುವ ಫೇಸಿಟ್ ಯಂತ್ರಗಳು ನಮ್ಮ ದೇಶದ ಕಚೇರಿಗಳಲ್ಲಿಯೂ ಬಹುಕಾಲ ಕಟಕಟ ಸದ್ದು ಮಾಡಿದವು. ಮುಂದೆ ಮೇಜಿನ ಮೇಲಿಡುವ ಗಣಕಗಳು ಬಂದಾಗ ಲೆಕ್ಕಯಂತ್ರವು ಪರದೆಯ ಮೇಲಿನ ಚಿತ್ರವಾಯಿತು. 1984ರ ಮ್ಯಾಕಿಂಟಾಷ್ ಗಣಕದಲ್ಲಿಯೂ 1985ರಲ್ಲಿ ಹೊರಬಂದ ವಿಂಡೋಸ್ ತಂತ್ರಾಂಶದ ಮೊದಲ ಆವೃತ್ತಿಯಲ್ಲಿಯೂ ಅದು ಇದ್ದಿತು. ಮ್ಯಾಕಿಂಟಾಷಿನ ಕ್ಯಾಲ್ಕುಲೇಟರನ್ನು ರೂಪಿಸಿದವರು ಕ್ರಿಸ್ ಎಸ್ಪಿನೋಸಾ. ಅವರು ಎಷ್ಟು ಸಲ ಚಿತ್ರ ಬರೆದು ತೋರಿಸಿದರೂ ಸ್ಟೀವ್ ಜಾಬ್ಸರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಎಸ್ಪಿನೋಸಾ ಉಪಾಯವೊಂದನ್ನು ಹೂಡಿದರು. ಗೆರೆಯ ದಪ್ಪ, ಗುಂಡಿಗಳ ಗಾತ್ರ, ಹಿನ್ನೆಲೆಯ ಬಣ್ಣ ಎಲ್ಲವನ್ನೂ ನೋಡುವವನೇ ಬದಲಾಯಿಸಿಕೊಳ್ಳುವಂತಹ ತಂತ್ರಾಂಶವನ್ನು ಬರೆದು ಜಾಬ್ಸರ ಮುಂದಿಟ್ಟರು. ಜಾಬ್ಸರು ಹತ್ತು ನಿಮಿಷ ಅದರೊಡನೆ ಆಡಿ ತಮಗೆ ಬೇಕಾದ ರೂಪವನ್ನು ತಾವೇ ಆರಿಸಿಕೊಂಡರು. ಆ ರೂಪವೇ ಹಲವು ವರ್ಷ ಉಳಿಯಿತು. ಕಥೆ ಸೊಗಸಾಗಿದೆ; ಆದರೆ ಲೆಕ್ಕಿಗನಿಗೆ ಮುಖದ ಚೆಲುವು ಮುಖ್ಯವಲ್ಲ.

ಮುಖ್ಯವಾದದ್ದೇನು ಎಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ನಲವತ್ತು ರೂಪಾಯಿ ಬೆಲೆಯ ಮೂರು ನೋಟ್ ಪುಸ್ತಕ, ಹತ್ತು ರೂಪಾಯಿ ಬೆಲೆಯ ಎರಡು ಪೆನ್ನು ಕೊಂಡಿರೆನ್ನಿ. ಒಟ್ಟು 140 ರೂಪಾಯಿ ಎಂದು ನೀವು ಬಾಯಲ್ಲಿಯೇ ಹೇಳಬಲ್ಲಿರಿ. ಈಗ ವಿಂಡೋಸ್ ಗಣಕದ ಕ್ಯಾಲ್ಕುಲೇಟರನ್ನು ತೆರೆದು, ಅದು ‘ಸ್ಟ್ಯಾಂಡರ್ಡ್’ ಎಂಬ ಸಾಮಾನ್ಯ ರೂಪದಲ್ಲಿರುವಾಗ, 3 × 40 + 2 × 10 ಎಂದು ಒತ್ತಿ ನೋಡಿ. ಉತ್ತರ 1,220 ಎಂದು ಬರುತ್ತದೆ! ಯಂತ್ರಕ್ಕೆ ಹುಚ್ಚು ಹಿಡಿಯಿತೇ? ಇಲ್ಲ. ಈ ರೂಪದಲ್ಲಿ ಅದು ಅಗ್ಗದ ಕೈಯಂತ್ರದಂತೆ, ಒತ್ತಿದ್ದನ್ನು ಒತ್ತಿದ ಹಾಗೆಯೇ ಮುಗಿಸುತ್ತ ಹೋಗುತ್ತದೆ. ಮೂರು ನಲವತ್ತಲಿ ನೂರಿಪ್ಪತ್ತು, ಅದಕ್ಕೆ ಎರಡು ಸೇರಿ ನೂರಿಪ್ಪತ್ತೆರಡು, ಅದರ ಹತ್ತರಷ್ಟು ಸಾವಿರದ ಇನ್ನೂರಿಪ್ಪತ್ತು. ಅದೇ ತಂತ್ರಾಂಶವನ್ನು ‘ಸೈಂಟಿಫಿಕ್’ ಎಂಬ ವೈಜ್ಞಾನಿಕ ರೂಪಕ್ಕೆ ತಿರುಗಿಸಿ ಅವೇ ಗುಂಡಿಗಳನ್ನು ಒತ್ತಿದರೆ 140 ಬರುತ್ತದೆ. ಅಲ್ಲಿ ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ನೀವು ಕಲಿತ ನಿಯಮ ಜಾರಿಯಲ್ಲಿದೆ. ಲಿನಕ್ಸ್ ಗಣಕಗಳಲ್ಲಿ ದೊರೆಯುವ ಗ್ನೋಮ್ ಕ್ಯಾಲ್ಕುಲೇಟರ್ ಇಡೀ ಸಾಲನ್ನು ಬರೆಸಿಕೊಂಡ ಮೇಲೆಯೇ ಲೆಕ್ಕಕ್ಕೆ ಕೈಹಾಕುವುದರಿಂದ ಅದೂ 140 ಎಂದೇ ಹೇಳುತ್ತದೆ. ಒಂದೇ ಪ್ರಶ್ನೆ, ಎರಡು ಉತ್ತರ. ಎರಡರಲ್ಲಿಯೂ ಯಂತ್ರ ತನ್ನ ನಿಯಮವನ್ನು ಮೀರಿಲ್ಲ. ಅದು ನಾವು ಒತ್ತಿದ್ದನ್ನು ಲೆಕ್ಕ ಮಾಡುತ್ತದೆ, ನಾವು ಮನಸ್ಸಿನಲ್ಲಿ ಎಣಿಸಿದ್ದನ್ನಲ್ಲ. ಆದುದರಿಂದ, ನಾವು ಒತ್ತಿದ್ದೇನು ಎಂಬುದನ್ನು ನಮಗೇ ಮರಳಿ ತೋರಿಸುವ ಸೌಕರ್ಯಗಳೇ ಈ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು ಎಂದು ನಾನು ತಿಳಿಯುತ್ತೇನೆ.

ಅಂಥವುಗಳಲ್ಲಿ ಮೊದಲನೆಯದು ‘ಹಿಸ್ಟರಿ’ ಎಂದು ಕರೆಯಲ್ಪಡುವ ಲೆಕ್ಕದ ಚರಿತ್ರೆ. ವಿಂಡೋಸಿನಲ್ಲಿ ಇದು ಸೇರಿದ್ದು 2009ರಲ್ಲಿ ಬಂದ ವಿಂಡೋಸ್ 7ರ ಆವೃತ್ತಿಯಲ್ಲಿ. ಮಾಡಿದ ಲೆಕ್ಕಗಳೆಲ್ಲ ಉತ್ತರಸಹಿತವಾಗಿ ಒಂದರ ಕೆಳಗೊಂದರಂತೆ ಪಕ್ಕದಲ್ಲಿ ನಿಲ್ಲುತ್ತವೆ. ಹಿಂದೆ ಬ್ಯಾಂಕುಗಳಲ್ಲಿ ಕಾಗದದ ಸುರುಳಿಯ ಮೇಲೆ ಅಂಕಿಗಳನ್ನು ಮುದ್ರಿಸುತ್ತ ಹೋಗುವ ಲೆಕ್ಕಯಂತ್ರಗಳಿದ್ದವು. ಗುಮಾಸ್ತರು ಆ ಚೀಟಿಯನ್ನು ಹರಿದು ಕಾಗದಪತ್ರಗಳಿಗೆ ಸೇರಿಸಿ ಗುಂಡುಸೂಜಿ ಚುಚ್ಚಿ ಇಡುತ್ತಿದ್ದರು. ನಾಳೆ ಯಾರಾದರೂ ಕೇಳಿದರೆ ಲೆಕ್ಕದ ದಾರಿ ಅದರಲ್ಲಿ ಸಿಗುತ್ತಿತ್ತು. ನೀವು ಉತ್ತರಪತ್ರಿಕೆಯ ಬಲಬದಿಯಲ್ಲಿ ಕಚ್ಚಾ ಲೆಕ್ಕವನ್ನು ಹೊಡೆದುಹಾಕದೆ ಉಳಿಸಬೇಕೆಂದು ಉಪಾಧ್ಯಾಯರು ಹೇಳುವುದೂ ಇದೇ ಕಾರಣಕ್ಕೆ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯೊಬ್ಬರು ಐವತ್ತು ಮಂದಿ ತಂದ ಹಾಲಿನ ಅಳತೆಯನ್ನು ಕೂಡಿದರೆನ್ನಿ. ಮೊತ್ತ ಡೈರಿಯ ಲೆಕ್ಕದೊಡನೆ ತಾಳೆಯಾಗಲಿಲ್ಲ. ಕೈಯಂತ್ರದಲ್ಲಾದರೆ ಐವತ್ತನ್ನೂ ಮತ್ತೆ ಒತ್ತಬೇಕು. ಮತ್ತೆ ಒತ್ತುವಾಗ ಬೇರೊಂದು ಕಡೆ ಬೆರಳು ಜಾರಬಹುದು. ಚರಿತ್ರೆಯ ಸಾಲುಗಳಿದ್ದರೆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಾಡಿಸಿದರೆ ಸಾಕು, 6.5 ಎಂದಿರಬೇಕಾದ ಕಡೆ 65 ಎಂದು ಒತ್ತಿದ್ದು ಕೂಡಲೇ ಸಿಕ್ಕಿಬೀಳುತ್ತದೆ.

ತಪ್ಪು ಒತ್ತಿದ ಕ್ಷಣದಲ್ಲಿಯೇ ತಿಳಿದರೆ ಇನ್ನೂ ಸುಲಭ. ‘ಸಿ’ ಎಂಬ ಗುಂಡಿ ಹಿಡಿದ ಲೆಕ್ಕವನ್ನು ಪೂರ್ತಿಯಾಗಿ ಅಳಿಸುತ್ತದೆ. ‘ಸಿಇ’ ಎಂಬುದು ಕೊನೆಯಲ್ಲಿ ಬರೆದ ಸಂಖ್ಯೆಯನ್ನು ಮಾತ್ರ ಅಳಿಸುತ್ತದೆ. ಹಿಂದಕ್ಕೆ ಬಾಣದ ಗುರುತಿರುವ ಗುಂಡಿ ಒಂದೇ ಒಂದು ಅಂಕಿಯನ್ನು ತೆಗೆಯುತ್ತದೆ. ಈ ಭೇದವನ್ನರಿಯದೆ ನಲವತ್ತೊಂಬತ್ತು ಸಂಖ್ಯೆ ಕೂಡಿದ ಮೇಲೆ ‘ಸಿ’ಯನ್ನು ಒತ್ತಿ ಹಣೆ ಚಚ್ಚಿಕೊಳ್ಳುವವರುಂಟು.

ಇನ್ನೊಂದು ಸೌಕರ್ಯ ಉತ್ತರವನ್ನು ಎತ್ತಿ ಬೇರೆ ಕಡೆ ಇಡುವುದು. ಪರದೆಯ ಮೇಲಿನ ಉತ್ತರವನ್ನು ನಕಲಿಸಿ, ಬರೆಯುತ್ತಿರುವ ಪತ್ರದಲ್ಲಿಯೋ ಪಟ್ಟಿಯಲ್ಲಿಯೋ ಹಾಗೆಯೇ ಅಂಟಿಸಬಹುದು. ಇದೇನು ಮಹಾ ಎನ್ನಬೇಡಿ. ಕಣ್ಣಿನಿಂದ ನೋಡಿ ಕೈಯಿಂದ ಬರೆಯುವಾಗ 4,582 ಎಂಬುದು 4,852 ಆಗುವುದು ತೀರ ಸಾಮಾನ್ಯ. ಇಲ್ಲಿ ಒಂದು ಸ್ವಾರಸ್ಯವಿದೆ. ಎರಡರ ವ್ಯತ್ಯಾಸ 270. ಅದು ಒಂಬತ್ತರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಯಾವ ಎರಡು ಅಂಕಿಗಳು ಸ್ಥಾನ ಬದಲಿಸಿದರೂ ವ್ಯತ್ಯಾಸ ಒಂಬತ್ತರ ಅಪವರ್ತ್ಯವೇ ಆಗಿರುತ್ತದೆ. ಏಕೆಂದರೆ 10a + b ಎಂಬುದು 10b + a ಆದಾಗ ಅಂತರ 9(b − a) ತಾನೆ? ಜಮಾಖರ್ಚು ತಾಳೆಯಾಗದಿದ್ದಾಗ ಹಳೆಯ ಗುಮಾಸ್ತರು ಮೊದಲು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದುದು ಇದನ್ನರಿತೇ. ಭಾಗವಾದರೆ ಅಂಕಿ ಪಲ್ಲಟವಾಗಿರಬಹುದೆಂದು ಅನುಮಾನಿಸಿ ಆ ಜಾಡು ಹಿಡಿಯುತ್ತಿದ್ದರು.

ಈಗ ಯಂತ್ರದ ಬಲವನ್ನು ನೋಡೋಣ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾದೇವಿಯವರ ಹೆಸರನ್ನು ನೀವು ಕೇಳಿರಬೇಕು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಕೊಡಲಾಯಿತು: 7,686,369,774,870 ಮತ್ತು 2,465,099,745,779. ಅವುಗಳ ಗುಣಲಬ್ಧವನ್ನು ಅವರು ಮನಸ್ಸಿನಲ್ಲಿಯೇ ಕಂಡುಹಿಡಿದು, ಇಪ್ಪತ್ತೆಂಟು ಸೆಕೆಂಡುಗಳಲ್ಲಿ 18,947,668,177,995,426,462,773,730 ಎಂದು ಹೇಳಿದರು. ಎಂಟು ಹತ್ತು ಅಂಕಿಗಳಷ್ಟೇ ಹಿಡಿಯುವ ಕೈಯಂತ್ರದಲ್ಲಿ ಈ ಇಪ್ಪತ್ತಾರು ಅಂಕಿಗಳ ಉತ್ತರವನ್ನು ಕಾಣುವುದು ಸಾಧ್ಯವಿಲ್ಲ. ವಿಂಡೋಸ್ ಕ್ಯಾಲ್ಕುಲೇಟರಿನ ವೈಜ್ಞಾನಿಕ ರೂಪ ಮೂವತ್ತೆರಡು ಅಂಕಿಗಳವರೆಗೆ ತೋರಿಸಬಲ್ಲುದು. ಅದರಲ್ಲಿ ಒತ್ತಿದರೆ ಒಂದು ಅಂಕಿಯೂ ತಪ್ಪದೆ ಅದೇ ಉತ್ತರ ಬರುತ್ತದೆ. ಗಣಕವಿಲ್ಲದವರು ಒಂಬತ್ತನ್ನು ಕಳೆಯುವ ಹಳೆಯ ತಾಳೆಯನ್ನು ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಅದನ್ನು ಮತ್ತೆ ಮತ್ತೆ ಕೂಡಿದರೆ 6. ಎರಡನೆಯದರ ಮೊತ್ತ 74, ಕೂಡಿದರೆ 2. ಆರೆರಡಲಿ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, ಅದೂ 3. ತಾಳೆಯಾಯಿತು. ಆದರೆ ಅಂಕಿಗಳು ಪಲ್ಲಟವಾದರೂ ಮೊತ್ತ ಬದಲಾಗದಷ್ಟೆ. ಹಾಗಾಗಿ ಹಿಂದೆ ಹೇಳಿದ 4,582ರ ಬಗೆಯ ತಪ್ಪನ್ನು ಈ ತಾಳೆ ಹಿಡಿಯಲಾರದು. ಯಾವ ಕಾವಲುಗಾರನೂ ಎಲ್ಲ ಬಾಗಿಲನ್ನೂ ಕಾಯಲಾರ.

ದೊಡ್ಡ ಸಂಖ್ಯೆಗಳಿಗಿಂತ ಚಿಕ್ಕ ಭಿನ್ನರಾಶಿಗಳೇ ಯಂತ್ರಕ್ಕೆ ಕಷ್ಟವೆಂದರೆ ನಿಮಗೆ ಆಶ್ಚರ್ಯವಾಗಬಹುದು. 1992ರ ಸುಮಾರಿನಲ್ಲಿ ಬಳಕೆಯಲ್ಲಿದ್ದ ವಿಂಡೋಸ್ 3.1ರ ಕ್ಯಾಲ್ಕುಲೇಟರಿನಲ್ಲಿ 2.01ರಿಂದ 2ನ್ನು ಕಳೆದರೆ 0.01 ಬರುವ ಬದಲು 0.00 ಎಂದು ಕಾಣುತ್ತಿತ್ತು. ಒಂದು ಪೈಸೆ ಅಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ! ಆಮೇಲಿನ ಆವೃತ್ತಿಗಳಲ್ಲಿಯೂ ನಾಲ್ಕರ ವರ್ಗಮೂಲದಿಂದ ಎರಡನ್ನು ಕಳೆದರೆ ಸೊನ್ನೆಯ ಬದಲು ಸೊನ್ನೆಗೆ ತೀರ ಹತ್ತಿರದ ವಿಚಿತ್ರ ಸಂಖ್ಯೆಯೊಂದು ಬರುತ್ತಿತ್ತು. ಇದು ಸರಿಹೋದದ್ದು 2018ರಲ್ಲಿ. ಇಂಥ ತೊಡಕಿಗೆ ಬಹುಮಟ್ಟಿಗೆ ಕಾರಣ, ಯಂತ್ರವು ಸಂಖ್ಯೆಯೊಂದಕ್ಕೆ ಇಂತಿಷ್ಟೇ ಸ್ಥಾನಗಳೆಂದು ಜಾಗವನ್ನು ಮೀಸಲಿಡುವುದು. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವುದನ್ನು ನೀವು ಬಲ್ಲಿರಿ. ಗಣಕವು ಸಂಖ್ಯೆಗಳನ್ನು 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಬರೆದುಕೊಳ್ಳುತ್ತದೆ. ಆ ಬರವಣಿಗೆಯಲ್ಲಿ ಹತ್ತನೆಯ ಒಂದು ಭಾಗಕ್ಕೂ ಇದೇ ಗತಿ. ಅದು ಕೊನೆ ಮುಟ್ಟುವುದಿಲ್ಲ. ಎಲ್ಲಿಯಾದರೂ ಕತ್ತರಿಸಲೇಬೇಕು. ಆದ ಕಾರಣ ಅನೇಕ ಗಣಕಭಾಷೆಗಳಲ್ಲಿ 0.1 ಮತ್ತು 0.2ನ್ನು ಕೂಡಿದರೆ 0.30000000000000004 ಎಂಬ ಉತ್ತರ ಬರುತ್ತದೆ.

ಇಷ್ಟು ಸಣ್ಣ ಚೂರಿನಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. 1991ರ ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯಾದ ದಹ್ರಾನಿನಲ್ಲಿ ಅಮೆರಿಕದವರ ಪೇಟ್ರಿಯಟ್ ಎಂಬ ಕ್ಷಿಪಣಿನಿರೋಧಕ ವ್ಯವಸ್ಥೆಯಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಎಣಿಸುತ್ತಿತ್ತು. ಆ ಹತ್ತನೆಯ ಭಾಗವನ್ನು ಗಣಕ ಕತ್ತರಿಸಿಯೇ ಇಟ್ಟುಕೊಂಡಿತ್ತು. ಸುಮಾರು ನೂರು ಗಂಟೆಗಳ ಕಾಲ ಬಿಡುವಿಲ್ಲದೆ ನಡೆದಾಗ ಆ ಚೂರುಗಳೆಲ್ಲ ಒಟ್ಟುಗೂಡಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಾದವು. ಅಷ್ಟು ಹೊತ್ತಿನಲ್ಲಿ ಶತ್ರುವಿನ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಫೆಬ್ರವರಿ 25ರಂದು ಬಂದ ಕ್ಷಿಪಣಿಯನ್ನು ಆ ವ್ಯವಸ್ಥೆ ತಪ್ಪಾದ ಕಡೆ ಹುಡುಕಿತು. ಇಪ್ಪತ್ತೆಂಟು ಸೈನಿಕರು ಸತ್ತರು.

ಇಂದಿನ ವಿಂಡೋಸ್ ಕ್ಯಾಲ್ಕುಲೇಟರ್ ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಕ್ರಿಯೆಗಳಲ್ಲಿ ಸಂಖ್ಯೆಯನ್ನು ಕತ್ತರಿಸದೆ, ನೀವು ಅಂಶ ಛೇದಗಳನ್ನು ಇಟ್ಟುಕೊಂಡು ಲೆಕ್ಕ ಮಾಡುವಂತೆ ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ. ಒಂದನ್ನು ಮೂರರಿಂದ ಭಾಗಿಸಿ ಮತ್ತೆ ಮೂರರಿಂದ ಗುಣಿಸಿದರೆ 0.9999 ಎಂದು ಗೊಣಗದೆ ನೇರವಾಗಿ 1 ಎನ್ನುತ್ತದೆ. ಇದನ್ನು ನಂಬುವುದು ಹೇಗೆ ಎಂದರೆ, 2019ರ ಮಾರ್ಚ್ ತಿಂಗಳಲ್ಲಿ ಅದರ ಒಳಬರಹವನ್ನೆಲ್ಲ ಲೋಕಕ್ಕೆ ತೆರೆದಿಡಲಾಯಿತು. ಬಲ್ಲವರು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು.

ಶೇಕಡದ ಗುಂಡಿಯ ಬಗೆಗೆ ಒಂದು ಎಚ್ಚರಿಕೆ ಅಗತ್ಯ. ಐನೂರು ರೂಪಾಯಿಯ ವಸ್ತುವಿಗೆ ನೂರಕ್ಕೆ ಹದಿನೆಂಟರಂತೆ ತೆರಿಗೆಯಿದ್ದರೆ, ಸಾಮಾನ್ಯ ರೂಪದಲ್ಲಿ 500 + 18 % ಎಂದು ಒತ್ತಿದೊಡನೆ ಅದು ಹದಿನೆಂಟನ್ನು ತೊಂಬತ್ತು ರೂಪಾಯಿಯಾಗಿ ಮಾರ್ಪಡಿಸಿ, ಮೊತ್ತ 590 ಎಂದು ತೋರಿಸುತ್ತದೆ. ಬಲು ಅನುಕೂಲ. ಆದರೆ 590ರಿಂದ ತೆರಿಗೆಯನ್ನು ಬಿಡಿಸಿ ಮೂಲಬೆಲೆಯನ್ನು ತಿಳಿಯಬೇಕಾದಾಗ 590 − 18 % ಎಂದು ಒತ್ತಿದರೆ 483.80 ಬರುತ್ತದೆ, 500 ಅಲ್ಲ. ತೆರಿಗೆ ಕಟ್ಟಿದ್ದು ಐನೂರರ ಮೇಲೆ. ಯಂತ್ರ ಕಳೆದದ್ದು 590ರ ಶೇಕಡ ಹದಿನೆಂಟನ್ನು. ಇಲ್ಲಿ 590ನ್ನು 1.18ರಿಂದ ಭಾಗಿಸಬೇಕು. ಹದಿನಾರು ರೂಪಾಯಿ ಇಪ್ಪತ್ತು ಪೈಸೆಯ ಈ ಅಂತರ ಒಂದು ರಸೀತಿಯಲ್ಲಿ ಅಲ್ಪವೇ. ವರ್ಷವಿಡೀ ಹೀಗೆ ಬರೆದ ಅಂಗಡಿಯವನಿಗೆ ಅಲ್ಪವಲ್ಲ.

ಉಳಿದ ರೂಪಗಳನ್ನು ಸಂಕ್ಷೇಪವಾಗಿ ಹೇಳಬಹುದು. ‘ಪ್ರೋಗ್ರಾಮರ್’ ಎಂಬ ರೂಪ ಗಣಕಭಾಷೆ ಬರೆಯುವವರಿಗಾಗಿ ಇದೆ. 13 ಎಂದು ಒತ್ತಿದರೆ ಅದರ ದ್ವಿಮಾನ ಬರಹವಾದ 1101 ಅಲ್ಲಿಯೇ ಕಾಣುತ್ತದೆ. ಆದರೆ ಅದು ಪೂರ್ಣಾಂಕಗಳನ್ನಷ್ಟೇ ಬಲ್ಲುದು. ಅಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರೇ. 2020ರಲ್ಲಿ ಸೇರಿಸಿದ ನಕ್ಷೆಯ ರೂಪ ನಿಮಗೆ ಹೆಚ್ಚು ಪ್ರಯೋಜನಕಾರಿ. y = 2x + 3 ಎಂಬಂತಹ ಸಮೀಕರಣವನ್ನು ಬರೆದರೆ ಸರಳರೇಖೆಯನ್ನು ಎಳೆದು ತೋರಿಸುತ್ತದೆ. ನಕ್ಷೆಹಾಳೆಯಲ್ಲಿ ಮೊದಲು ನೀವೇ ಬರೆದು, ಆಮೇಲೆ ಅದರೊಡನೆ ಹೋಲಿಸಿ ನೋಡಿ.

ದಿನಾಂಕದ ಲೆಕ್ಕವೂ ಉಂಟು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಇವೆರಡರ ನಡುವಣ ಅಂತರವೆಷ್ಟೆಂದು ಕೇಳಿದರೆ, ಅಧಿಕ ವರ್ಷಗಳ ನಾಲ್ಕು ದಿನಗಳನ್ನೂ ಮರೆಯದೆ, 6,209 ದಿನ ಎನ್ನುತ್ತದೆ. ಮೊದಲ ದಿನ, ಕೊನೆಯ ದಿನ ಎರಡನ್ನೂ ಎಣಿಸಬೇಕೆಂದಾದರೆ 6,210 ಆಗುತ್ತದೆ. ಯಾವುದು ಬೇಕೆಂಬುದು ವ್ಯವಹಾರವನ್ನು ಅವಲಂಬಿಸಿದ ಮಾತು. ದಿನದ ಬಡ್ಡಿಯ ಸಾಲಪತ್ರಕ್ಕೆ ಸಹಿ ಮಾಡುವ ಮುನ್ನ ಇದನ್ನು ಕೇಳಿ ತಿಳಿಯುವುದು ಲೇಸು.

ಕೊನೆಯದಾಗಿ, ಅಳತೆಗಳ ಪರಿವರ್ತನೆ. ಮೈಲಿಯನ್ನು ಕಿಲೋಮೀಟರಾಗಿ, ಎಕರೆಯನ್ನು ಹೆಕ್ಟೇರಾಗಿಯೋ ಚದರ ಅಡಿಯಾಗಿಯೋ ಬದಲಾಯಿಸುವ ಈ ಸೌಕರ್ಯ ರೈತರ ಮಕ್ಕಳಿಗೆ ಬಲು ಉಪಯುಕ್ತ. ಮೋಸ ಹೋಗುವುದಕ್ಕೂ ಇಲ್ಲಿ ಎಡೆಯುಂಟು. ನಲವತ್ತು ಗುಂಟೆಗೆ ಒಂದು ಎಕರೆ; ಒಂದು ಗುಂಟೆಗೆ 1,089 ಚದರ ಅಡಿ. ಎರಡು ಎಕರೆ ಹದಿನೈದು ಗುಂಟೆಯನ್ನು ಕಾಗದಪತ್ರಗಳಲ್ಲಿ 2.15 ಎಂದು ನಡುವೆ ಚುಕ್ಕೆಯಿಟ್ಟು ಬರೆಯುವುದುಂಟು. ಆ ಚುಕ್ಕೆ ದಶಮಾಂಶದ ಬಿಂದುವಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು. ಇದನ್ನರಿಯದವರು 2.15 ಎಕರೆ ಎಂದು ಒತ್ತಿದರೆ ತಂತ್ರಾಂಶ 93,654 ಚದರ ಅಡಿ ಎಂದು ಹೇಳುತ್ತದೆ. ಹದಿನೈದು ಗುಂಟೆ ಎಂದರೆ ನಲವತ್ತರಲ್ಲಿ ಹದಿನೈದು, ಅಂದರೆ 0.375 ಎಕರೆ. 2.375 ಎಂದು ಒತ್ತಿದಾಗ ಬರುವ ಉತ್ತರ 1,03,455. ಎರಡರ ಅಂತರ 9,801 ಚದರ ಅಡಿ, ಸರಿಯಾಗಿ ಒಂಬತ್ತು ಗುಂಟೆ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನಗಳು ಅದರಲ್ಲಿ ಎಂಟು ಹಿಡಿಯುತ್ತವೆ. ಜಮೀನು ಮಾರುವವನ ಕೈಯಿಂದ ಅಷ್ಟು ನೆಲ ಒಂದು ಚುಕ್ಕೆಯ ನೆಪದಲ್ಲಿ ಜಾರಿಹೋಗುತ್ತದೆ.

ವಿಂಡೋಸಿನ ಪರಿವರ್ತನೆಯ ಪಟ್ಟಿಯಲ್ಲಿ ಎಕರೆಯಿದೆ, ಹೆಕ್ಟೇರಿದೆ, ನಮ್ಮ ಗುಂಟೆಯಿಲ್ಲ. ಅದಕ್ಕೆ ನೆನಪಿನ ಗುಂಡಿಗಳನ್ನು ಬಳಸಬಹುದು. 1089 ಎಂದು ಒತ್ತಿ ‘ಎಂಎಸ್’ ಎಂಬ ಗುಂಡಿಯನ್ನು ಒತ್ತಿದರೆ ಆ ಸಂಖ್ಯೆ ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ‘ಎಂಆರ್’ ಒತ್ತಿದಾಗಲೆಲ್ಲ ಮರಳಿ ಬರುತ್ತದೆ. ‘ಎಂಸಿ’ ಒತ್ತಿದರೆ ಅಳಿಯುತ್ತದೆ. ಆಮೇಲೆ ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆಯನ್ನು ಕೂಡಿ, 2 × 40 + 15 = ಎಂದು ಒತ್ತಿದರೆ 95 ಗುಂಟೆ. ಅದನ್ನು ‘ಎಂಆರ್’ನಿಂದ ಗುಣಿಸಿದರೆ 1,03,455. ಹೀಗೆ ನೆರೆಹೊರೆಯವರ ಎಷ್ಟು ಸರ್ವೆ ನಂಬರುಗಳನ್ನಾದರೂ ಒಂದೇ ಕುಳಿತದಲ್ಲಿ ಲೆಕ್ಕ ಹಾಕಬಹುದು. ಚರಿತ್ರೆಯ ಸಾಲುಗಳು ಪಕ್ಕದಲ್ಲಿ ಇದ್ದೇ ಇರುತ್ತವೆ. ಕೊಳ್ಳುವವರು ಕೇಳಿದರೆ ಅವರ ಕಣ್ಣೆದುರಿಗೇ ಅವುಗಳನ್ನು ಒಂದೊಂದಾಗಿ ಓದಿ ತೋರಿಸಬಹುದು.